ಇಂಗು ಕುಡಿದ ಕುಡಿಕೆ

ಪಾಯಸದ ಮೊದಲ ಗುಟುಕಿಗೇ ನನ್ನ ಸೋದರತ್ತೆ ಮಣ್ಣಿನ ಕುಡಿಕೆಯನ್ನು ಕೆಳಗಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು.

"ಪಾಯಸಕ್ಕೆ ಯಾರಾದ್ರೂ ಇಂಗು ಹಾಕ್ತಾರೇನೇ? ಬೆಳಗ್ಗೆ ತಾನೆ ಗಂಗೇಲಿ ಮುಳುಗಿ ಇಂಗು ಬಿಟ್ಟು ಬಂದಿದೀನಿ!"

ಎಪ್ಪತ್ತರ ದಶಕದಲ್ಲಿ ನಾವು ಕಾಶಿಯ ಶಿವಾಲ ಎಂಬ ಕೇರಿಯಲ್ಲಿ ಬಾಡಿಗೆಗಿದ್ದಾಗಿನ ಮಾತು. ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದನ್ನು ಅಲ್ಲೇ ಬಿಟ್ಟು ಹೋಗಬೇಕಲ್ಲ. ಎಲ್ಲರೂ ತಮಗೆ ಮೊದಲೇ ಸೇರದ ಹಾಗಲಕಾಯಿಯನ್ನೋ ಸೋರೆಕಾಯಿಯನ್ನೋ ಬಿಟ್ಟು ಪುಣ್ಯ ಕಟ್ಟಿಕೊಂಡರೆ, ಊರಿನಿಂದ ಯಾತ್ರೆಗೆ ಬಂದಿದ್ದ ಅತ್ತೆ ಮಾತ್ರ ತಮ್ಮ ಪ್ರಾಣದಂತಿದ್ದ ಇಂಗನ್ನೇ ಬಿಟ್ಟಿದ್ದರು.

ನಾನು ಪಾಯಸಕ್ಕೆ ಇಂಗು ಸೋಕಿಸಿಯೂ ಇರಲಿಲ್ಲ. ಅಲ್ಲಿಯವರು ಕುಲ್ಹಡ್ ಎನ್ನುವ ಈ ಕುಡಿಕೆಯನ್ನು ಒಮ್ಮೆ ಬಳಸಿ ಎಸೆದುಬಿಡುತ್ತಾರೆ. ನನಗೆ ಎಸೆಯಲು ಮನಸ್ಸು ಬಾರದೆ, ಹಿಂದಿನ ದಿನ ಸಾರು ತುಂಬಿಟ್ಟಿದ್ದ ಕುಡಿಕೆಯನ್ನೇ ತಿಕ್ಕಿ ತೊಳೆದು ಪಾಯಸ ಹಾಕಿ ಕೊಟ್ಟಿದ್ದೆ. ಮೆರುಗು ಹಚ್ಚದೆ ಸುಟ್ಟ ಮಣ್ಣು ನೋಡಿ, ಸಾರಿನ ಇಂಗನ್ನೆಲ್ಲ ಹೀರಿಕೊಂಡು ಕೂತಿತ್ತು.

ತಪ್ಪೊಪ್ಪಿಕೊಂಡು ಅಳುಮುಖ ಮಾಡಿದೆ. ಅತ್ತೆ ಎದ್ದು ಹೋಗಿ ಇನ್ನೊಮ್ಮೆ ಗಂಗೆಯಲ್ಲಿ ಮುಳುಗಿ ಬಂದರು. ಬಂದವರೇ ಆ ಕುಡಿಕೆಯನ್ನು ತೊಳೆದು ಒಣಗಿಸಿ, ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಸೇರಿಸಿದರು.

ಕೊನೆಯವರೆಗೂ ಅತ್ತೆ ಇಂಗು ತಿನ್ನಲಿಲ್ಲ. ಆದರೆ ಮರುವರ್ಷ ನಾನು ಊರಿಗೆ ಹೋದಾಗ, ಊಟಕ್ಕೆ ಮುಂಚೆ ಅಡುಗೆಮನೆಯ ಮೂಲೆಯಲ್ಲಿ ಆ ಕುಡಿಕೆಯನ್ನು ಮೂಗಿಗೆ ಹಿಡಿದು ಕಣ್ಮುಚ್ಚಿ ನಿಂತಿದ್ದರು. ನನ್ನನ್ನು ಕಂಡು ಒಂಚೂರೂ ನಾಚದೆ ಅಂದರು: "ಬಿಟ್ಟಿದ್ದು ತಿನ್ನೋದನ್ನ ಕಣೇ, ಮೂಸೋದನ್ನಲ್ಲ!"