ಬಟ್ಟಲಿನಲ್ಲಿ ಉಳಿದದ್ದು

ಗೆಳೆಯರೇ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಇಂದಿನ ಪ್ರಭುಭೋಜನದಲ್ಲಿ ಪಾದ್ರಿಯಾದ ನಾನು ಬಟ್ಟಲು ಹಿಡಿದು ಹಿಂಜರಿದದ್ದನ್ನು ಇಡೀ ಸಭೆ ನೋಡಿತು.

ಪ್ಲೇಗಿಗೆ ಹೆದರಿ ನಾಗನೂರಿನವರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾರೆ. ನಮ್ಮ ಆರಾಧನೆಯೂ ಈಗ ಬೇವಿನ ಮರದ ಕೆಳಗೇ. ದ್ರಾಕ್ಷಾರಸದ ಬಟ್ಟಲು ಮಾತ್ರ ಎಂದಿನಂತೆ ಎಲ್ಲರಿಗೂ ಒಂದೇ. ಅದನ್ನು ಎತ್ತಿಕೊಂಡಾಗ ಸಭೆಯ ಹಿರಿಯ ಯೋಹಾನಪ್ಪ ಹತ್ತಿರ ಬಂದ.

"ರಾಹೇಲವ್ವಗ ಕೊಡಬ್ಯಾಡ್ರಿ. ಅಕಿ ಗಂಡ ಮೊನ್ನೆನ ಪ್ಲೇಗಿನಾಗ ಹೋಗ್ಯಾನ."

ದೂರ ಕುಳಿತಿದ್ದ ರಾಹೇಲವ್ವನಿಗೆ ಅದು ಕೇಳಿಸಿಬಿಟ್ಟಿತು.

"ಎಲ್ಲಾರೂ ಮೊದಲ ಕುಡೀರಿ. ನಾ ಕಡೀಗೆ ಬರ್ತೇನಿ. ನನ್ನ ಹಿಂದ ಯಾರೂ ಇರೂದಿಲ್ಲ, ಅಂಜಬ್ಯಾಡ್ರಿ" ಎಂದಳು.

ಎಲ್ಲರಿಗೂ ಸಮಾಧಾನವಾಯಿತು. ನನಗೊಬ್ಬನಿಗೆ ಆಗಲಿಲ್ಲ. ಆಶೀರ್ವದಿಸಿದ ರಸವನ್ನು ಚೆಲ್ಲುವಂತಿಲ್ಲ, ಉಳಿದದ್ದನ್ನು ಪಾದ್ರಿಯೇ ಕುಡಿದು ಮುಗಿಸಬೇಕು. ಅವಳ ಹಿಂದೆ ನಾನಿದ್ದೆ. ಪಾಪ, ಅವಳು ಸಂಕೋಚದಿಂದ ತುಟಿ ತಾಗಿಸಿದಳು ಅಷ್ಟೇ. ಅರ್ಧ ಬಟ್ಟಲು ಹಾಗೇ ಉಳಿಯಿತು.

"ಗಿಡದ ಬುಡಕ ಸುರುವಿಬಿಡ್ರಿ. ದೇವ್ರು ತಿಳ್ಕೋತಾನ" ಎಂದು ಯೋಹಾನಪ್ಪ ಪಿಸುಗುಟ್ಟಿದ.

ರಾಹೇಲವ್ವ ನನ್ನನ್ನೇ ನೋಡುತ್ತಿದ್ದಳು. ನಾವೆಲ್ಲ ಒಂದೇ ದೇಹವೆಂದು ಆಗಷ್ಟೇ ಬೋಧಿಸಿದ್ದ ಬಾಯಿಗೆ ಬಟ್ಟಲು ಹಚ್ಚಿದೆ. ಇಷ್ಟು ವರ್ಷ ಅದೇ ಬಟ್ಟಲಿನಲ್ಲಿ ಕುಡಿದಿದ್ದೇನೆ. ಒಂದೊಂದು ಗುಟುಕಿಗೂ ದೇವರನ್ನು ಕರೆದದ್ದು ಇಂದೇ.

ಯಾರಿಗೂ ತೊಂದರೆಯಾಗಲಿಲ್ಲವೆಂದು ರಾಹೇಲವ್ವ ನೆಮ್ಮದಿಯಿಂದ ಗುಡಿಸಲಿಗೆ ಹೋದಳು. ನಾನು ಮಧ್ಯಾಹ್ನದಿಂದ ಕಂಕುಳಲ್ಲಿ ಪ್ಲೇಗಿನ ಗಂಟು ಎದ್ದಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತ ಕುಳಿತಿದ್ದೇನೆ.