ಮಗ್ಗದ್ದೋ, ಕೈಯದ್ದೋ

ಕಂಪ್ಯೂಟರ್ ಸರಿಹೋದದ್ದು ಒಂದು ಮನೆಗೆ ಕೆಟ್ಟ ಸುದ್ದಿಯಾಗಬಲ್ಲದು ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆ ಭಾನುವಾರ ಮಧ್ಯಾಹ್ನ ಪರದೆಯ ಮೇಲೆ ಕೆಂಪು ಕಾರೊಂದು ಎಲ್ಲಿಯೂ ತಡವರಿಸದೆ ಓಡಿತು; ನಮ್ಮ ಮನೆಗೆ ಆ ಸುದ್ದಿ ಬಂದದ್ದು ಹಾಗೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಮನೆ. ಮುಂದೆ ವಾಸ, ಹಿಂದೆ ಮಗ್ಗಗಳು, ನಡುವೆ ಒಂದು ಗೋಡೆ. ಮಗ್ಗ ನಡೆಸುವುದು ಅಪ್ಪನ ಕೆಲಸ. ಅಮ್ಮನದು ಬೇರೆ. ಒಂದು ಹಾಸು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು, ನೇಯ್ದು ಮುಗಿದಾಗ ಅದರ ಕೊನೆಯನ್ನು ಮಗ್ಗದಿಂದ ಪೂರ್ತಿ ತೆಗೆಯುವುದಿಲ್ಲ. ಉಳಿದ ಒಂದೊಂದು ಹಳೆಯ ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹೊಸೆದು ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಅಮ್ಮ ಎಳೆ ಜಾರದಂತೆ ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಊರಿನ ಸುದ್ದಿಯನ್ನೆಲ್ಲ ಮಾತನಾಡುತ್ತಲೇ, ಸಾವಿರಾರು ಎಳೆಗಳನ್ನು ಕೆಚ್ಚಿ ಏಳುತ್ತಿದ್ದರು. ಅವರ ಜೊತೆಗಾತಿ ಪಕ್ಕದ ಮನೆಯವರು. ಸಂಬಂಧವಿಲ್ಲದಿದ್ದರೂ ನನಗೆ ಚಿಕ್ಕಮ್ಮ. ನಮ್ಮ ಬೀದಿಯ ಮಗ್ಗಗಳಿಗೆಲ್ಲ ಈ ಇಬ್ಬರದೇ ಬೆರಳು.

ಕಳೆದ ವರ್ಷ ಅಮ್ಮನಿಗೆ ಪಾರ್ಶ್ವವಾಯು ತಗುಲಿತು. ಲಘುವಾದದ್ದು ಎಂದು ವೈದ್ಯರು ಹೇಳಿದರು. ಮಾತು ಮರಳಿತು, ನಡಿಗೆಯೂ ಮರಳಿತು. ಬಲಗೈಯ ಬೆರಳುಗಳು ಮಾತ್ರ ಮರಳಿ ಬರಲು ಹಿಂಜರಿದವು. ವ್ಯಾಯಾಮ ಕಲಿಸುವ ಹೆಣ್ಣುಮಗಳು ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಸುಕಲು ಹೇಳಿದರು.

“ಚೆಂಡು ಹಿಸುಕ್ಕೊಂಡ್ ಕೂರೋಕೆ ನಾನೇನ್ ಎಳೇ ಮಗೂನಾ?” ಎಂದು ಅಮ್ಮ ಅದನ್ನು ಅಕ್ಕಿ ಡಬ್ಬದ ಹಿಂದೆ ಎಸೆದರು.

ನಮ್ಮ ಮನೆತನದಲ್ಲಿ ಪದವಿ ಓದಿದ ಮೊದಲಿಗಳು ನಾನು. ಓದುವಾಗ ಅಪ್ಪ ಕೊಡಿಸಿದ್ದ, ಆಗಲೇ ಯಾರೋ ಬಳಸಿ ಬಿಟ್ಟಿದ್ದ ಕಂಪ್ಯೂಟರ್ ಒಂದು ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿತ್ತು. ಅದರಲ್ಲಿ ಕಾರು ಓಡಿಸುವ ಆಟವನ್ನು ಹಾಕಿಕೊಡಬಹುದೇ ಎಂದು ವ್ಯಾಯಾಮ ಕಲಿಸುವವರನ್ನು ವಿಚಾರಿಸಿದೆ. ಮೂರ್ಖ ಪ್ರಶ್ನೆಯಾದೀತೆಂಬ ಅಳುಕಿತ್ತು. ಅವರು ನಕ್ಕು, “ಧಾರಾಳವಾಗಿ ಆಡಿಸಿ, ಬೆರಳು ಆಡಿದ್ರೆ ಸಾಕು” ಎಂದರು.

ಅಮ್ಮನಿಗೆ ಆಟ ಹಿಡಿಸಿತು. ಎಡ, ಬಲ ತಿರುಗಿಸುವ ಎರಡು ಕೀಗಳ ಮೇಲೆ ಅವರು ಹೆಬ್ಬೆರಳನ್ನೂ ತೋರುಬೆರಳನ್ನೂ ಇಡುತ್ತಿದ್ದರು, ಎಳೆ ಹಿಡಿಯುವ ಹಾಗೆಯೇ. ಆದರೆ ತಿರುವು ಬಂದಾಗಲೆಲ್ಲ ಕಾರು ನೇರವಾಗಿ ಗೋಡೆಗೆ ಹೋಗಿ ಬಡಿಯುತ್ತಿತ್ತು.

“ನೋಡ್ದ್ಯಾ? ಕೈ ಸತ್ತೋಗಿದೆ ಕಣೇ” ಎಂದು ಅಮ್ಮ ಕೈಯನ್ನು ಮಡಿಲಿಗೆ ಎಳೆದುಕೊಂಡರು.

ಅವರ ಜಾಗದಲ್ಲಿ ನಾನು ಕುಳಿತೆ. ಕೀ ಒತ್ತಿದೆ. ಚಿತ್ರ ಬಿಟ್ಟು ಬಿಟ್ಟು ಜಿಗಿಯಿತು. ಕಾರು ಒಂದು ಕ್ಷಣ ಯೋಚಿಸಿ ಆಮೇಲೆ ತಿರುಗಿತು. ನಾನೂ ಹೋಗಿ ಗೋಡೆಗೆ ಬಡಿದೆ.

“ಕೈಯದಲ್ಲಮ್ಮ, ಕಂಪ್ಯೂಟರ್ ಹಳೇದಾಗಿದೆ. ನಂಗೂ ಹಿಂಗೇ ಆಯ್ತಲ್ಲ!”

ಅಮ್ಮನ ಮುಖ ಅರಳಿದ್ದನ್ನು ನಾನು ಮರೆಯಲಾರೆ. ನಮ್ಮಲ್ಲಿ ಸೀರೆಯಲ್ಲಿ ತೊಡಕು ಕಂಡರೆ ಮೊದಲು ಕೇಳುವ ಪ್ರಶ್ನೆ ಒಂದೇ: ಮಗ್ಗದ್ದೋ, ಕೈಯದ್ದೋ? ಅದನ್ನು ತಿಳಿಯಲು ಅದೇ ಮಗ್ಗಕ್ಕೆ ಬೇರೊಬ್ಬರನ್ನು ನಿಲ್ಲಿಸುತ್ತಾರೆ. ಅವರಿಗೂ ತೊಡಕು ಬಂದರೆ ಮಗ್ಗದ್ದು. ಬಾರದಿದ್ದರೆ ಮೊದಲಿನವರ ಕೈಯದ್ದು. ಆಮೇಲೆ ಯಾರೂ ವಾದಿಸುವುದಿಲ್ಲ. ಆ ದಿನ ನಮ್ಮ ಮನೆಯಲ್ಲಿ ತೀರ್ಪು ಮಗ್ಗದ ವಿರುದ್ಧ ಬಂದಿತ್ತು.

ಅಲ್ಲಿಂದ ಅಮ್ಮ ಗೆಲುವಾದರು. ಗೋಡೆಗೆ ಬಡಿದಾಗಲೆಲ್ಲ “ಥೂ, ಹಳೇ ಮಿಷನ್ನು” ಎಂದು ನಗುವರು. ಅಷ್ಟರಲ್ಲಿ ಸೀರೆಗೆ ಬೇಡಿಕೆ ಏರುವ ಮದುವೆಗಳ ಕಾಲ ಹತ್ತಿರವಾಯಿತು. ಬೀದಿಯಲ್ಲಿ ಹೊಸ ಹಾಸುಗಳು ಬಂದಿಳಿಯತೊಡಗಿದವು. ಒಂದು ಸಂಜೆ ಚಿಕ್ಕಮ್ಮ ಬಂದು ಹೊಸ್ತಿಲ ಬಳಿ ಕುಳಿತರು.

“ಏನಕ್ಕಾ, ಡ್ರೈವರ್ ಆಗ್ಬಿಟ್ಟೆ! ಧರ್ಮಸ್ಥಳಕ್ಕೆ ಯಾವಾಗ ಕರ್ಕೊಂಡ್ ಹೋಗ್ತೀಯ?”

“ನಿನ್ನ ಹತ್ತಿಸ್ಕೊಂಡ್ರೆ ಟೈರ್ ಒಡೆದೋಗ್ತದೆ, ಬಸ್ಸಲ್ಲೇ ಹೋಗು.”

ಚಿಕ್ಕಮ್ಮ ನಕ್ಕು, ಆಮೇಲೆ ದನಿ ತಗ್ಗಿಸಿದರು. “ಅಕ್ಕಾ, ನಿಜ ಹೇಳು, ಕೆಚ್ಚೋಕೆ ಬರ್ತೀಯಾ? ನಿನ್ ಜಾಗ ಹಂಗೇ ಇಟ್ಟಿದೀನಿ. ಬೇರೆಯವಳನ್ನ ಕೂರಿಸ್ಕೊಂಡ್ರೆ ಅವ್ಳು ಮತ್ತೆ ಏಳಲ್ಲ.”

“ಇವ್ಳು ಕಂಪ್ಯೂಟರ್ ರಿಪೇರಿ ಮಾಡಿಸ್ಲಿ, ಹೇಳ್ತೀನಿ” ಎಂದರು ಅಮ್ಮ.

ಸಮಾಧಾನಕ್ಕೆಂದು ನಾನು ಆಡಿದ ಮಾತಿನ ಮೇಲೆ ಅಮ್ಮ ತಮ್ಮ ಕಸುಬನ್ನೇ ಪಣವಿಟ್ಟಿದ್ದರು. ಆದರೂ ನನಗೆ ಸಂಶಯವಿರಲಿಲ್ಲ. ನನ್ನ ಕಣ್ಣಾರೆ ನೋಡಿದ್ದೆ, ತಪ್ಪು ಯಂತ್ರದ್ದೇ.

ಬಸ್ ನಿಲ್ದಾಣದ ಬಳಿಯ ರಿಪೇರಿ ಅಂಗಡಿಗೆ ಅದನ್ನು ಆಟೋದಲ್ಲಿ ಒಯ್ದೆ. ಅಂಗಡಿಯವನು ಪಕ್ಕದ ಮುಚ್ಚಳ ಬಿಚ್ಚಿ ಬೆಚ್ಚಿ ಹಿಂದೆ ಸರಿದ. ಒಳಗಿನ ಫ್ಯಾನಿಗೆ ಬಣ್ಣಬಣ್ಣದ ನೂಲಿನ ಧೂಳು ಕಂಬಳಿಯ ಹಾಗೆ ಸುತ್ತಿಕೊಂಡಿತ್ತು.

“ಏನ್ ಮೇಡಂ ಇದು, ಒಳಗೇ ಸೀರೆ ನೇಯ್ತಿದ್ರಾ?”

ಧೂಳು ತೆಗೆದದ್ದಷ್ಟೇ ಸಾಲಲಿಲ್ಲ. ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದೆ, ರ್‍ಯಾಮ್ ಹೆಚ್ಚಿಸಿದೆ, ಆಟದ ಚಿತ್ರಗಳನ್ನು ಬೇಗ ಮೂಡಿಸಲು ಗ್ರಾಫಿಕ್ಸ್ ಕಾರ್ಡ್ ಒಂದನ್ನು ಅವನು ಸೇರಿಸಿದ. ಆ ಕಾರ್ಡಿಗೆ ಹಳೆಯ ಪವರ್ ಸಪ್ಲೈ ಸಾಲದೆಂದು ಅದನ್ನೂ ಬದಲಿಸಿದ. “ಇನ್ನ ಬೆಣ್ಣೆ ಥರ ಓಡ್ತದೆ, ಚಿಂತೆ ಬಿಡಿ” ಎಂದ ಅಂಗಡಿಯವನ ಮಾತನ್ನು ನಾನು ಮನೆಗೆ ಬಂದು ಇನ್ನಷ್ಟು ದೊಡ್ಡದು ಮಾಡಿ ಹೇಳಿದೆ.

ಭಾನುವಾರ ಮಗ್ಗಗಳಿಗೆ ರಜೆ. ಮನೆಯಲ್ಲಿ ಆ ನಿಶ್ಶಬ್ದ ನಮಗೆ ಯಾವಾಗಲೂ ವಿಚಿತ್ರವೆನಿಸುತ್ತದೆ. ನೋಡಲೆಂದು ಚಿಕ್ಕಮ್ಮನೂ ಬಂದಿದ್ದರು. ಅಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕುಳಿತರು. ಆಟ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೆರೆದುಕೊಂಡಿತು. ಇದೇ ಆಟವೇ ಎಂದು ನನಗೇ ಬೆರಗಾಯಿತು. ರಸ್ತೆಯ ಬದಿಯ ಮರಗಳು ಸರಾಗವಾಗಿ ಹಿಂದಕ್ಕೆ ಸರಿದವು.

ತಿರುವು ಬಂತು. ಕಾರು ಗೋಡೆಗೆ ಬಡಿಯಿತು.

“ಹೊಸದಲ್ವಾ, ಅಭ್ಯಾಸ ಆಗ್ಬೇಕು” ಎಂದೆ. ಮತ್ತೆ ಬಡಿಯಿತು. ಅಮ್ಮನ ಬೆರಳನ್ನೇ ನೋಡತೊಡಗಿದೆ. ತಿರುವು ಕಾಣುತ್ತಿತ್ತು, ಅಮ್ಮನ ಕಣ್ಣು ಅದನ್ನು ಹಿಡಿಯುತ್ತಿತ್ತು, ಭುಜವೂ ಆ ಕಡೆ ವಾಲುತ್ತಿತ್ತು. ತೋರುಬೆರಳು ಮಾತ್ರ ಎಲ್ಲ ಮುಗಿದ ಮೇಲೆ ಇಳಿಯುತ್ತಿತ್ತು. ಹಳೆಯ ಕಂಪ್ಯೂಟರಿನ ತಡ ಇಷ್ಟು ದಿನ ಆ ಬೆರಳಿನ ತಡಕ್ಕೆ ಹೊದಿಕೆಯಾಗಿತ್ತು. ಮಗ್ಗದ್ದೋ, ಕೈಯದ್ದೋ ಎಂದು ಕೇಳುವ ನಮಗೆ, ಎರಡರದೂ ಆಗಿರಬಹುದೆಂದು ಹೊಳೆದೇ ಇರಲಿಲ್ಲ. ಹೊದಿಕೆಯನ್ನು ಎಳೆದು ತೆಗೆದವಳು ನಾನು.

“ಏಳ್ತೀನಿ, ನೀನ್ ಕೂತ್ಕೋ” ಎಂದರು ಅಮ್ಮ.

“ಬೇಡಮ್ಮ, ನೀನೇ ಇನ್ನೊಂದ್ಸಲ...”

“ಕೂತ್ಕೋ ಅಂದ್ನಲ್ಲ.”

ಬೇಕೆಂದೇ ಗೋಡೆಗೆ ಗುದ್ದಿಬಿಡೋಣವೇ ಎಂದು ಯೋಚಿಸಿದೆ. ಅಮ್ಮ ನನ್ನ ಕೈಗಳನ್ನೇ ನೋಡುತ್ತಿದ್ದರು. ಜೀವಮಾನವೆಲ್ಲ ಬೆರಳುಗಳನ್ನು ನೋಡಿದವರ ಎದುರು ಆ ಸುಳ್ಳು ನಡೆಯುವಂಥದ್ದಲ್ಲ. ಕೀ ಒತ್ತಿದೆ. ಕೆಂಪು ಕಾರು ನನ್ನ ಮನಸ್ಸನ್ನು ಓದಿದಂತೆ ತಿರುಗಿತು, ಮತ್ತೆ ತಿರುಗಿತು, ಎಲ್ಲಿಯೂ ತಾಗದೆ ಒಂದು ಸುತ್ತು ಮುಗಿಸಿ ನಿಂತಿತು.

ಕೀಗಳ ಮೇಲಿಂದ ಕೈ ತೆಗೆದೆ.

ಅಮ್ಮನೇ ಮೊದಲು ಮಾತನಾಡಿದ್ದು, ಚಿಕ್ಕಮ್ಮನ ಕಡೆ ತಿರುಗಿ. “ಬೇರೆಯವರನ್ನ ಕೂರಿಸ್ಕೊಳೇ. ನನ್ನ ಕಾಯ್ಬೇಡ.”

“ಅಯ್ಯೋ, ಇದೊಂದು ಹುಡುಗಾಟ! ಇದನ್ನ್ ನೋಡ್ಕೊಂಡು...”

“ಆಟ ಇರ್ಲಿ, ಏನಾದ್ರೂ ಇರ್ಲಿ. ಮಗ್ಗ ಸರಿಯಾಗಿದೆಯಲ್ಲ.”

ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಬೆಪ್ಪಾಗಿ ಕುರ್ಚಿಯಲ್ಲೇ ಇದ್ದೆ. ಅಷ್ಟು ವರ್ಷಗಳ ಜಾಗವನ್ನು ಒಬ್ಬರು ಅಷ್ಟು ಸಣ್ಣ ಮಾತಿನಲ್ಲಿ ಬಿಟ್ಟುಕೊಡಬಹುದೆಂದು ನನಗೆ ತಿಳಿದಿರಲಿಲ್ಲ. ಅಳುವರೆಂದು ಕಾದೆ. ಅಮ್ಮ ಪರದೆಯನ್ನು ದಿಟ್ಟಿಸಿ ನೋಡಿದರು.

“ಇದಕ್ಕೆ ಪುಲ್ಲಿ ಎಲ್ಲಿದೆ?”

ನೂಲು ಬಲಹೀನವಾಗಿದ್ದರೆ ಅಪ್ಪ ಮೋಟಾರಿನ ಪುಲ್ಲಿ ಬದಲಿಸಿ ಮಗ್ಗದ ವೇಗ ಇಳಿಸುತ್ತಾರೆ. ಅಮ್ಮ ಕೇಳಿದ್ದು ಅದನ್ನೇ ಎಂದು ಅರ್ಥವಾಗಲು ನನಗೆ ಸ್ವಲ್ಪ ಸಮಯ ಹಿಡಿಯಿತು.

“ವೇಗ ಕಮ್ಮಿ ಮಾಡೋದಾ?”

“ಹೂಂ, ಇಳ್ಸು. ಎಷ್ಟು ಇಳಿಯುತ್ತೋ ಅಷ್ಟು.”

ವೇಗ ಹೆಚ್ಚಲೆಂದೇ ಅಷ್ಟೆಲ್ಲ ಬಿಡಿಭಾಗ ಹಾಕಿಸಿ ತಂದವಳು, ಆಟದ ಆಯ್ಕೆಗಳಲ್ಲಿ ಹುಡುಕಿ ಕಾರಿನ ವೇಗವನ್ನು ತಳಮಟ್ಟಕ್ಕೆ ಎಳೆಯತೊಡಗಿದೆ. ಮೌಸಿನ ಬಾಣ ಸರಿಯಾದ ಜಾಗದಲ್ಲಿ ನಿಲ್ಲದೆ ಜಾರಿ ಜಾರಿ ಹೋಯಿತು.

“ಗಾಬರಿ ಬೀಳ್ಬೇಡ ಕಣೇ, ನಿಧಾನಕ್ಕೆ ಮಾಡು” ಎಂದರು ಅಮ್ಮ.

ಅವರು ಮತ್ತೆ ಕುಳಿತರು. ಕಾರು ಹೊರಟಿತು. “ಎತ್ತಿನ ಗಾಡೀನೇ ಮುಂದೆ ಹೋಗ್ತದಲ್ಲಕ್ಕಾ” ಎಂದು ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತಲೇ ಅಂದರು. ಅಮ್ಮನ ಕಣ್ಣು ರಸ್ತೆಯ ಮೇಲೇ ಇತ್ತು. ತಿರುವು ಬಹಳ ದೂರದಿಂದ ಬಂತು. ತೋರುಬೆರಳು ಹೊರಟಿತು, ಇಳಿಯಿತು, ಕೀ ಮುಟ್ಟಿತು. ಕಾರು ಗೋಡೆಯ ಪಕ್ಕದಲ್ಲಿ, ಎಳೆಯಷ್ಟು ಅಂತರದಲ್ಲಿ, ತಾಗದೆ ಹಾದುಹೋಯಿತು.