ತಾತನ ಗಡಿಯಾರದ ಸೆಲ್

“ಅಜ್ಜಿ, ಈ ಗಡಿಯಾರದ ಸೆಲ್ ತಗೊಳ್ಲೇನು?”

ಮೊಮ್ಮಗಳು ಕುರ್ಚಿ ಹತ್ತಿ ಕೈ ಚಾಚಿದಾಗ ನನ್ನೆದೆ ಧಸಕ್ಕೆಂದಿತು. ನಮ್ಮ ಮನೆಯವರು ರಾಯದುರ್ಗದಿಂದ ತಂದ ಗಡಿಯಾರ ಅದು. ಅವರು ಹೋದ ಮೇಲೆ ನಾನು ಅದನ್ನು ನಿಲ್ಲಲು ಬಿಟ್ಟಿರಲಿಲ್ಲ.

ಎದೆಬಡಿತದ ಸಣ್ಣ ವಿದ್ಯುತ್ತನ್ನು ಹಿಗ್ಗಿಸಿ ತೋರಿಸುವ ಸರ್ಕ್ಯೂಟೊಂದನ್ನು ಅವಳು ಕಾಲೇಜಿಗಾಗಿ ಮಾಡಿದ್ದಳು. ಒಂದೇ ಸೆಲ್ಲಿನಲ್ಲಿ ನಡೆಯುವಂಥದ್ದು. ಮರುದಿನ ಅದನ್ನು ಮೇಷ್ಟ್ರುಗಳ ಮುಂದೆ ತೋರಿಸಬೇಕಿತ್ತು.

“ಅಂಗಡ್ಯಾಗ ಹೊಸ ಸೆಲ್ ಸಿಗ್ತಾವಲ್ಲೇ, ಇದನ್ನ ಯಾಕ ಮುಟ್ತಿ?” ಅಂದೆ.

“ಹೊಸದ್ರಾಗ ನಡೀತು ಅಜ್ಜಿ. ಅರ್ಧ ಸವೆದದ್ರಾಗೂ ನಡೀಬೇಕು. ಇದು ಹಳ್ಳಿ ಮಂದಿಗಂತ ಮಾಡಿದ್ದು. ಗುಮ್ಮಘಟ್ಟದ ಕಡೆ ಕುರಿ ಕಾಯೋರು ದಿನಾ ಹೊಸಾ ಸೆಲ್ ಎಲ್ಲಿ ತರ್ತಾರ?”

“ತಗೋ. ಕರೆಂಟ್ ಹೊಡೆದ್ರ ನಿಮ್ಮ ತಾತಗ ನೀನೇ ಉತ್ತರ ಹೇಳು.”

ಅವಳು ನಕ್ಕು, ಆ ಸೆಲ್ಲನ್ನು ಸರ್ಕ್ಯೂಟಿಗೆ ಹಾಕಿ, ನನ್ನ ಎರಡೂ ಮುಂಗೈಗೆ, ಕಾಲಿಗೆ ಪಟ್ಟಿ ಅಂಟಿಸಿ ವೈರು ಸಿಕ್ಕಿಸಿದಳು. ಲ್ಯಾಪ್‌ಟಾಪಿನಲ್ಲಿ ಮೊದಲು ಬರೀ ಗೀಟು ಇತ್ತು. ಅವಳು ಪಟ್ಟಿಗಳನ್ನು ಇನ್ನೊಮ್ಮೆ ಒತ್ತಿದಳು. ಆಮೇಲೆ ಹಸಿರು ಗೆರೆ ಒಂದೇ ಸಮನೆ ಪುಟಿಯತೊಡಗಿತು.

“ನೋಡಜ್ಜಿ, ಇದು ನಿನ್ನ ಎದಿ,” ಅಂದಳು. ಎದೆಯೊಳಗಿನದು ಹಾಗೆ ಹೊರಗೆ ಕಾಣಿಸಿಕೊಂಡದ್ದಕ್ಕೆ ನಾಚಿ ಸೆರಗನ್ನು ಬಾಯಿಗಿಟ್ಟುಕೊಂಡೆ.

ಆಮೇಲೆ ಅವಳೇ ಗಡಿಯಾರಕ್ಕೆ ಮತ್ತೆ ಸೆಲ್ ಹಾಕಿ ಮುಳ್ಳು ಸರಿಮಾಡಿದಳು. ಗಡಿಯಾರ ನಿಂತಿದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಅಷ್ಟು ಹೊತ್ತು ನಮ್ಮ ಮನೆಯವರ ಗಡಿಯಾರದ ಸೆಲ್ಲು ನನ್ನ ಎದೆಬಡಿತವನ್ನು ಮೊಮ್ಮಗಳಿಗೆ ತೋರಿಸುತ್ತಿತ್ತು.